ಅಕ್ಕನ ಬೈಗುಳ

ಹೂವಿನ ಹಾರ ಗದ್ದದ ತನಕ ಬಂದಿತ್ತು. ಹೆಗಲ ಮೇಲೆ ಶಾಲು, ಎರಡೂ ಕೈಯಲ್ಲಿ ಹಣ್ಣಿನ ಬುಟ್ಟಿ, ಬುಟ್ಟಿಯ ಮೇಲೊಂದು ಗಾಜಿನ ಸ್ಮರಣಿಕೆ. ಶಹಾಪುರದ ಸಭೆಯ ವೇದಿಕೆಯ ಮೇಲೆ ಹಣಮಂತಮ್ಮ ಹೀಗೆ ನಿಂತಿದ್ದಾಗ ಮೈಕು ಅವಳ ಮೂಗಿನ ಮುಂದೆಯೇ ಹಾದುಹೋಯಿತು. ಹಿಡಿಯೋಣವೆಂದರೆ ಕೈ ಎಲ್ಲಿ ಖಾಲಿ ಇತ್ತು?

"ಪಕ್ಷದ ಹಿರಿಯ ಜೀವ, ನಮ್ಮೆಲ್ಲರ ತಾಯಿ..." ಎಂದು ನಿರೂಪಕ ಹೊಗಳುತ್ತಲೇ ಇದ್ದ. ಹಣಮಂತಮ್ಮನಿಗೆ ಹೊಗಳಿಕೆ ಬೇಕಿರಲಿಲ್ಲ, ಎರಡು ಮಾತಾಡುವಷ್ಟು ಹೊತ್ತು ಬೇಕಿತ್ತು. ದೋರನಹಳ್ಳಿಯ ಬಸ್‌ಸ್ಟ್ಯಾಂಡಿನ ಮಗ್ಗುಲಿಗೆ ವೈನ್‌ಶಾಪ್ ಬಂದ ಮೇಲೆ ಹೆಣ್ಣುಮಕ್ಕಳು ಬಸ್ಸಿಗೆ ಕಾಯುವುದೇ ಕಷ್ಟವಾಗಿತ್ತು. "ಅಂಗಡಿ ಮುಚ್ಚಸ್ತೀನಿ ಅಂತ ಬಸವಕುಮಾರನ ಬಾಯಿಲೇ ಎಲ್ಲಾರ ಮುಂದ ಅನಸ್ತೀನಿ, ಬರ್ರಿ" ಎಂದು ಪಾರ್ಟಿಯ ಮುಖಂಡನ ಹೆಸರು ಹಿಡಿದು ಮಾತು ಕೊಟ್ಟು ಒಂದು ಕ್ರೂಸರ್ ತುಂಬ ಹೆಂಗಸರನ್ನು ಕರೆತಂದಿದ್ದಳು. ಅವರು ಈಗ ಕೆಳಗೆ ಕೂತು ಅವಳ ಬಾಯನ್ನೇ ನೋಡುತ್ತಿದ್ದರು.

ಆ ಪಾರ್ಟಿಯಲ್ಲಿ ಕುಡಿಯದವರು ಬೆರಳೆಣಿಕೆ, ಬಾರು ನಡೆಸದ ಮುಖಂಡರು ಇನ್ನೂ ಕಡಿಮೆ. ಅಂಥದರೊಳಗೆ ಕುಡಿತ ನಿಲ್ಲಬೇಕೆನ್ನುವ ಹಣಮಂತಮ್ಮ ಹರೆಯದಿಂದ ಅದೇ ಬಾವುಟ ಹಿಡಿದಿದ್ದಳು. ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ ಎಂದು ಜನ ನಗುತ್ತಿದ್ದರು. ಆದರೆ ಆ ದಾರಿಗೂ ಆಗ ಜಾಗವಿತ್ತು. ಬಸವಕುಮಾರನ ಅಪ್ಪ ಪಂಪಣ್ಣಗೌಡರ ಕಾಲದಲ್ಲಿ ಅವರ ಭಾಷಣಕ್ಕೆ ಮುಂಚೆ ಅಕ್ಕನ ಬೈಗುಳ ಆಗಲೇಬೇಕು. ಅವಳು ಬೆರಳೆತ್ತಿ, "ತಮ್ಮಾ, ನಿನ್ನ ಮಂದಿ ಊರೂರಿಗೆ ಬಾಟ್ಲಿ ಇಳಸ್ಯಾರ, ನೀ ಇಲ್ಲಿ ಖಾದಿ ಹಾಕ್ಕೊಂಡು ಕುಂತಿ" ಎಂದು ಶುರುಮಾಡಿದರೆ ಸೀಟಿಯೇ ಸೀಟಿ. ಗೌಡರು ತಲೆ ತಗ್ಗಿಸಿ ಕೇಳಿ, ಕೆಂಪೇರಿದ ಮುಖದಲ್ಲೇ ಎದ್ದು, "ಅಕ್ಕ ಬೈದಾಳ. ಖರೇನೇ ಬೈದಾಳ" ಎನ್ನುತ್ತಿದ್ದರು. ಸಿಟ್ಟಾಗಿ ತಿಂಗಳುಗಟ್ಟಲೆ ಮಾತು ಬಿಟ್ಟದ್ದೂ ಉಂಟು. ಆದರೂ ಹತ್ತು ಕೇಳಿದರೆ ಎರಡು ಮಾಡುತ್ತಿದ್ದರು.

ಎದುರು ಪಾರ್ಟಿಯಲ್ಲೂ ಇಂಥವನೊಬ್ಬನಿದ್ದ, ಸುರಪುರದ ಅಮೀನುದ್ದೀನ. ತನ್ನ ಪಾರ್ಟಿಯ ಮೆರವಣಿಗೆ ಹಾದಿ ತಪ್ಪಿದರೆ ತಾನೇ ಅಡ್ಡ ನಿಲ್ಲುತ್ತಿದ್ದ. ಈಗ ಅವನನ್ನು ಯಾರೂ ಕರೆಯುವುದಿಲ್ಲ, ತನ್ನ ಗಡಿಯಾರ ರಿಪೇರಿ ಅಂಗಡಿಯಲ್ಲಿ ಕೂತಿರುತ್ತಾನೆ. ಗೌಡರೂ ತೀರಿಕೊಂಡರು. ಬೈಯುವುದಕ್ಕೂ ನಮ್ಮವರು ಎನ್ನುವವರು ಬೇಕು. ಹಣಮಂತಮ್ಮನಿಗೆ ಅವರೇ ಇಲ್ಲವಾಗಿದ್ದರು.

ಅವಳು ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟಳು. "ಬಸವಾ, ನನಗ ಎರಡು ಮಾತು ಆಡೋದದ. ಮೈಕ್ ಕೊಡ್ಸು."

"ಇವತ್ತ ನಿಮಗ ಸನ್ಮಾನ ಅದರಿ ಅತ್ತಿ. ಮಾತು ಮತ್ತೊಂದಿನ ಆಡೂಣಂತ."

"ಸನ್ಮಾನ ಯಾರ್ ಕೇಳ್ಯಾರ? ಬಸ್‌ಸ್ಟ್ಯಾಂಡ್ ಕಡೀ ವೈನ್‌ಶಾಪ್ ನಿನ್ನ ಭಾವಂದು ಅಂತ ಊರಿಗೆಲ್ಲ ಗೊತ್ತದ. ನಿಮ್ಮಪ್ಪ ಇದ್ದಿದ್ರ..."

"ಹೌದ್ರಿ ಅತ್ತಿ, ಹೌದ್ರಿ."

ಬಸವಕುಮಾರ ನಗುತ್ತಲೇ ಇದ್ದ. ಆ ನಗು ಅವಳಿಗಲ್ಲ, ಕೆಳಗಿನ ಕ್ಯಾಮೆರಾಗಳಿಗೆ. ಬೈಸಿಕೊಳ್ಳುವಾಗ ಪಂಪಣ್ಣಗೌಡರು ಒಮ್ಮೆಯೂ ನಕ್ಕಿರಲಿಲ್ಲ. ಅವಳಿಗೆ ಅವರ ಸಿಟ್ಟು ನೆನಪಾಯಿತು.

ಅಷ್ಟರಲ್ಲಿ ಪಾರ್ಟಿಯ ಹಾಡು ಜೋರಾಗಿ ಶುರುವಾಯಿತು. ಹಣಮಂತಮ್ಮನ ಬಲಗೈ ಮೇಲೆದ್ದಿತು, ಯಾವಾಗಲೂ ಏಳುತ್ತಿದ್ದ ಹಾಗೆಯೇ, ತೋರುಬೆರಳು ಮುಂದಾಗಿ. ಬಸವಕುಮಾರ ಥಟ್ಟನೆ ಬಾಗಿ, ಅವಳ ಮುಂಗೈ ಹಿಡಿದು, ಅಂಗೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡ.

"ಹಂಗೇ ಇರ್ರಿ ಅಮ್ಮಾ!" ಫೋಟೋದವನು ಕೂಗಿದ. ಮೈದಾನವೆಲ್ಲ ಚಪ್ಪಾಳೆ ತಟ್ಟಿತು.

ಮರಳುವಾಗ ಕ್ರೂಸರಿನಲ್ಲಿ ಪಕ್ಕದ ಮನೆಯ ಮದೀನಾಬೀ ಕೇಳಿದಳು. "ಅಕ್ಕಾ, ಅಂಗಡಿದು ಏನಂದ?"

"ನಾ ಬೈದೆ ಮದೀನಾ. ಹಾಡಿನ ಗದ್ದಲದಾಗ ನಿಮಗ ಕೇಳಲಿಲ್ಲ."

"ನಮಗ ಆಶೀರ್ವಾದ ಮಾಡಿದಂಗ ಕಂಡ್ತು."

ಮದೀನಾಬೀಯ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು. ಹಣಮಂತಮ್ಮ ಬುಟ್ಟಿ ಬಿಚ್ಚಿ ಸೇಬು ಹಂಚಿದಳು. ಎಲ್ಲರೂ ತೆಗೆದುಕೊಂಡು ಸೆರಗಿಗೆ ಕಟ್ಟಿಕೊಂಡರು, ಒಬ್ಬರೂ ತಿನ್ನಲಿಲ್ಲ.

ಮುಂದಿನ ವಾರ ಅವಳು ಯಾದಗಿರಿಗೆ ಹೋಗಲು ಬಸ್‌ಸ್ಟ್ಯಾಂಡಿಗೆ ಬಂದಾಗ ವೈನ್‌ಶಾಪಿನ ಬಾಗಿಲ ಮೇಲೆ ಹೊಸ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಆಳೆತ್ತರದ ಹಣಮಂತಮ್ಮ, ತಲೆ ಬಾಗಿದ ಬಸವಕುಮಾರ, ಆ ತಲೆಯ ಮೇಲೆ ಅವಳ ಕೈ. ಮೊದಲೆಲ್ಲ ಅವಳನ್ನು ಕಂಡರೆ ಗಿರಾಕಿಗಳು ಬಾಟಲಿಯನ್ನು ಬೆನ್ನ ಹಿಂದೆ ಮರೆಸುತ್ತಿದ್ದರು. ಇವತ್ತು ಯಾರೂ ಮರೆಸಲಿಲ್ಲ.

"ಫೋಟೋ ಭಾಳ ಚೊಲೋ ಬಂದದ ನೋಡಬೇ ಯವ್ವಾ," ಎಂದ ಒಬ್ಬ, ಬಾಟಲಿ ಹಿಡಿದ ಕೈಯಿಂದಲೇ ಮೇಲೆ ತೋರಿಸುತ್ತ. ಅವನ ದನಿಯಲ್ಲಿ ಚೇಷ್ಟೆಯಿರಲಿಲ್ಲ.

ರಸ್ತೆಯ ಆಚೆ ಬೇವಿನ ನೆರಳಲ್ಲಿ ಹೆಂಗಸರು ಒತ್ತಾಗಿ ನಿಂತಿದ್ದರು. ಮದೀನಾಬೀ ಒಮ್ಮೆ ಇತ್ತ ನೋಡಿ, ತುಸು ಸರಿದು ಜಾಗ ಮಾಡಿದಳು. ಹಣಮಂತಮ್ಮ ದಾಟಲಿಲ್ಲ. ಬಲಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು, ಬಿಸಿಲಲ್ಲಿ ಒಬ್ಬಳೇ ನಿಂತು ಬಸ್ಸಿಗೆ ಕಾದಳು.