ಗಣಿ ದಾರಿ ಹಿಡಿದ ಮದುಮಗ

"ಹಾಲೇಶಿ ಇನ್ನೂ ಬಂದಿಲ್ವೇನ್ರೀ?"

ಬಂಡಿಯಿಂದ ಇಳಿಯುತ್ತಲೇ ಗಂಡಿನ ಸೋದರಮಾವ ಮೂಕಪ್ಪ ಕೇಳಿದಾಗ ಚಪ್ಪರದಲ್ಲಿದ್ದವರು ಮುಖ ಮುಖ ನೋಡಿಕೊಂಡರು.

ಸಾಸ್ವೆಹಳ್ಳಿಯಿಂದ ಹೊರಟ ದಿಬ್ಬಣದ ಬಂಡಿಯ ಅಚ್ಚು ಗುಡ್ಡದ ಆಚೆ ಮುರಿದಿತ್ತು. ಮುಹೂರ್ತ ಮೀರೀತೆಂದು ಮದುಮಗ ಹಾಲೇಶಪ್ಪ ಕಾಲುದಾರಿ ಹಿಡಿದು ಒಬ್ಬನೇ ಗುಡ್ಡ ಹತ್ತಿದ್ದ. ಅಚ್ಚು ಸರಿಮಾಡಿಕೊಂಡು ಸುತ್ತುಬಳಸಿ ಬಂದ ಬಂಡಿಗಳು ಊರು ಮುಟ್ಟಿದರೂ ಅವನ ಸುಳಿವಿರಲಿಲ್ಲ.

"ಓಡಿಹೋದ್ನೋ ಏನೋ," ಎಂದು ಯಾರೋ ಪಿಸುಗುಟ್ಟಿದರು. ಹೆಣ್ಣಿನ ತಂದೆ ಬಂಗಾರಪ್ಪ ಚಪ್ಪರದ ಕಂಬ ಹಿಡಿದು ಕೂತುಬಿಟ್ಟ.

ಒಳಗೆ ಅರಿಶಿನದ ಮೈಯಲ್ಲಿ ಕೂತಿದ್ದ ಸಾವಂತ್ರಮ್ಮನಿಗೂ ಆ ಮಾತು ಕೇಳಿಸಿತು. ಹೆಣ್ಣು ನೋಡಲು ಬಂದ ದಿನ ಆಕೆ ತಲೆಯೆತ್ತಿರಲಿಲ್ಲ. ಆದರೆ "ಮೊದ್ಲು ಅವರಿಗೆ ಒಪ್ಪಿಗೆ ಐತೇನು ಕೇಳ್ರಿ" ಎಂದ ಅವನ ದನಿ ಕಿವಿಯಲ್ಲಿ ಉಳಿದಿತ್ತು. ಅಂಥವನು ಓಡಿಹೋಗುವುದೆಂದರೇನು? ಅವನು ಹತ್ತಿದ್ದು ಸೌದೆಗೆಂದು ಆಕೆ ದಿನವೂ ತಿರುಗಾಡುವ ಗುಡ್ಡ. ನೆತ್ತಿಯಲ್ಲಿ ದಾರಿ ಕವಲೊಡೆಯುತ್ತದೆ. ಹೊಸಬರು ನಂಬಿ ಹಿಡಿಯುವ ಅಗಲವಾದದ್ದು ಊರಿನ ದಾರಿಯಲ್ಲ, ಗಣಿಯದು. ಆಕೆ ಹುಟ್ಟುವ ಮೊದಲೇ ಕಂಪನಿಯ ದೊರೆಗಳು ಚಿನ್ನಕ್ಕೆಂದು ತೋಡಿ ಬಿಟ್ಟುಹೋದ ಗುಂಡಿಗಳನ್ನು ಲಂಟಾನದ ಪೊದೆ ಮುಚ್ಚಿಕೊಂಡಿತ್ತು.

ಬಾವಿಯ ಹಗ್ಗ ಹೆಗಲಿಗೇರಿಸಿ ಸಾವಂತ್ರಮ್ಮ ಹಿತ್ತಿಲಿಂದ ಹೊರಟೇಬಿಟ್ಟಳು.

"ಮದುಮಗಳು ಹೊಸ್ತಿಲು ದಾಟ್ತಾಳೇನೇ!" ಎನ್ನುತ್ತಲೇ ಅತ್ತಿಗೆ ಕೆಂಪಕ್ಕನೂ ಹಿಂದೆ ಓಡಿದಳು.

ಗಣಿಯ ದಾರಿಯಲ್ಲಿ ಒಂದು ಕಡೆ ಲಂಟಾನ ಹಸಿಹಸಿಯಾಗಿ ಮುರಿದಿತ್ತು. ಸಾವಂತ್ರಮ್ಮ ಬಗ್ಗಿ ಕೂಗಿದಳು. "ಒಳಗೆ ಯಾರಾದ್ರೂ ಅದೀರೇನ್ರೀ?"

"ಅದೀನಿ ತಾಯೀ! ಕಾಲು ಉಳುಕೈತೆ, ಹತ್ತಾಕೆ ಆಗ್ತಿಲ್ಲ."

ಅದೇ ದನಿ. ಕೆಂಪಕ್ಕನಿಗೆ ನಗು ತಡೆಯಲಾಗಲಿಲ್ಲ. "ತಾಯಿ ಅಲ್ಲ ಅಣ್ಣಾರೇ, ನೀವು ತಾಳಿ ಕಟ್ಟಬೇಕಾದಾಕಿ!"

ಗುಂಡಿಯೊಳಗೆ ಅವಸರವಾಗಿ ಅಂಗಿ ಕೊಡವಿದ ಸದ್ದಾಯಿತು. ಆಮೇಲೆ ಮೆಲ್ಲಗೆ, "ಮುಹೂರ್ತ ಮೀರೈತೇನ್ರೀ?"

"ಇನ್ನೂ ಐತೆ. ಹಗ್ಗ ಹಿಡೀರಿ," ಎಂದಳು ಸಾವಂತ್ರಮ್ಮ.

ಹಗ್ಗವನ್ನು ಮರಕ್ಕೊಂದು ಸುತ್ತು ಹಾಕಿ ಹೆಂಗಸರಿಬ್ಬರೂ ಜಗ್ಗಿದರು. ಮೊದಲು ಪೇಟವಿಲ್ಲದ ತಲೆ, ಆಮೇಲೆ ಕೆಮ್ಮಣ್ಣು ಮೆತ್ತಿದ ಹೊಸ ಅಂಗಿ ಮೇಲೆ ಬಂತು. ದಡದಲ್ಲಿ ಕೂತು ಏದುಸಿರು ಬಿಡುತ್ತ ಹಾಲೇಶಪ್ಪ ಆಕೆಯನ್ನು ನೋಡಿದ. ಆಕೆಯೂ ಈ ಸಲ ತಲೆ ತಗ್ಗಿಸಲಿಲ್ಲ.

"ಚಿನ್ನ ಸಿಕ್ತೇನ್ರೀ?"

"ಎಲ್ಲಿ ಬಂತು! ನನ್ನ ಚಪ್ಪಲೀನೇ ಒಳಗೆ ಉಳೀತು."

ಆಕೆಯ ಹೆಗಲ ಮೇಲೆ ಕೈಯಿಟ್ಟು ಅವನು ಕುಂಟುತ್ತ ಗುಡ್ಡ ಇಳಿದ. ದೂರದಿಂದಲೇ ಅವರನ್ನು ಕಂಡ ಬಂಗಾರಪ್ಪ ವಾಲಗದವರನ್ನು ಕೂಗಿದ.

ಅಕ್ಷತೆ ಬೀಳುವಾಗ ಮದುಮಕ್ಕಳಿಬ್ಬರೂ ಶಾಸ್ತ್ರಕ್ಕೆ ತಕ್ಕಂತೆ ತಲೆ ಬಗ್ಗಿಸಿಯೇ ಕೂತಿದ್ದರು. ಹೆಗಲುಗಳು ಮಾತ್ರ ನಗುವಿಗೆ ಕುಲುಕುತ್ತಿದ್ದವು.