ಹದಿನಾಲ್ಕನೆಯ ತಪ್ಪು

ಸಂಗ್ರಾಮನ ಹೆಗಲ ಮೇಲಿನ ಶಾಲು ಜಾರುತ್ತಿದೆ, ಜಾರಲಿ, ನೆಲಕ್ಕೇ ಬೀಳಲಿ, ಎರಡು ಪುಟದ ವಿಮರ್ಶೆಗೆ ಒಂದು ಶಾಲು, ಅದರಲ್ಲೂ ಒಂದು ಪುಟ ಬರೀ ಸಾರಾಂಶ — ಈಗ ಕೋಮಲ ಅಮೀರನನ್ನು ಕರೆಯುತ್ತಾಳೆ ನೋಡು, ಕರೆದೇ ಬಿಟ್ಟಳು, ಹಾರೂಗೇರಿಯ ಬಟ್ಟೆ ಅಂಗಡಿಯಲ್ಲಿ ಕೂತು ಕವಿತೆ ಬರೆಯುವ ಅಮೀರ, ಎದ್ದು ಹೋಗುವಾಗ ನನ್ನ ಮೊಣಕಾಲಿಗೆ ತಾಗಿ ತಪ್ಪ ತಿಳಿಬ್ಯಾಡ್ರಿ ಸರ್ ಎಂದ, ಇರಲಿ ಹೋಗಪ್ಪ ಎಂದೆ, ನಕ್ಕೆ ಕೂಡ. ಚಿಕ್ಕೋಡಿಯ ಈ ಸಭಾಂಗಣದಲ್ಲಿ ಒಂದು ಕುರ್ಚಿಯೂ ಖಾಲಿಯಿಲ್ಲ, ನನ್ನ ಪುಸ್ತಕದ ಬಿಡುಗಡೆಗೆ ಹದಿನೇಳು ಜನ ಬಂದಿದ್ದರು, ಅವರಲ್ಲಿ ಇಬ್ಬರು ಮೈಕಿನವರು. ಕೋಮಲ ತನ್ನ ಪುಸ್ತಕದ ಬಗ್ಗೆ ಬರೆದ ಐದು ಜನ ಲೇಖಕರಿಗೆ ಕೃತಜ್ಞತೆ ಹೇಳುತ್ತಿದ್ದಾಳೆ, ಕಾಗದ ನೋಡದೆ, ಯಾರು ಯಾವ ಮಾತು ಬರೆದರೆಂಬುದೆಲ್ಲ ಬಾಯಿಪಾಠ — ಶೇಡಬಾಳದ ಹೈಸ್ಕೂಲಿನಲ್ಲಿ ನನ್ನ ಕೈಕೆಳಗೆ ಒತ್ತಕ್ಷರ ತಪ್ಪುತ್ತಿದ್ದ ಹುಡುಗಿ, ಈಗ ತಾರಾಬಾಯಿಯ ಜೀವನಚರಿತ್ರೆಯ ಲೇಖಕಿ, ಆರೇ ತಿಂಗಳಿಗೆ ಎರಡನೆಯ ಮುದ್ರಣ. ತಾರಾಬಾಯಿ ನನ್ನವಳಾಗಿದ್ದಳು. ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ದಿನವಿಡೀ ಎಲೆ ಆರಿಸಿ, ಮನೆಯಲ್ಲಿ ಮರಾಠಿ ಮಾತಾಡಿ, ಕವಿತೆಯನ್ನು ಮಾತ್ರ ಕನ್ನಡದಲ್ಲಿ ಬರೆದ ಆ ಹೆಂಗಸನ್ನು ಮೊದಲು ಗುರುತಿಸಿದವನು ನಾನು, ಅವಳು ತೀರಿಕೊಂಡಾಗ ಶೋಕಸಭೆಯಲ್ಲಿ ಅವಳ ಬದುಕನ್ನು ಬರೆಯುತ್ತೇನೆಂದು ಎಲ್ಲರೆದುರು ಹೇಳಿದವನೂ ನಾನೇ, ಅದನ್ನು ನಂಬಿಕೊಂಡು ಅವಳ ಮಗಳು ಶೇವಂತಾ ಎರಡು ಬಸ್ಸು ಬದಲಿಸಿ ನಮ್ಮ ಮನೆಗೆ ಬಂದಿದ್ದಳು, ಕೈಚೀಲದಿಂದ ಒಂದು ನೋಟುಬುಕ್ಕು ತೆಗೆದು, ನಮ್ಮ ಆಯೀದು ಇದೊಂದ ಉಳದೈತ್ರಿ ಸರ್, ನನಗ ಓದಾಕ ಬರೂದಿಲ್ಲ, ನಿಮ್ಮ ಕಡೆ ಇರಲಿ. ಒಂದು ವರ್ಷ ಸಾಕವ್ವಾ ಎಂದಿದ್ದೆ. ಹದಿನೈದು ವರ್ಷವಾಯಿತು. ಮೊದಲ ಅಧ್ಯಾಯವನ್ನು ಹನ್ನೊಂದು ಸಲ ಬರೆದೆ, ಎರಡನೆಯದನ್ನು ಒಮ್ಮೆಯೂ ಇಲ್ಲ.

ಕೋಮಲ ಬಂದದ್ದು ಮೂರು ವರ್ಷದ ಕೆಳಗೆ, ರಾಯಬಾಗದಿಂದ ಸ್ಕೂಟಿಯಲ್ಲಿ, ಬಿಸಿಲಿಗೆ ಮುಖ ಕೆಂಪಾಗಿತ್ತು, ನೋಟಬುಕ್ ನಿಮ್ಮ ಕಡೆ ಐತಂತ ಶೇವಂತಕ್ಕ ಹೇಳಿದ್ರು, ಇಲ್ಲೇ ಕುಂತ ನೋಡಿ ಕೊಡತೇನ್ರಿ ಸರ್. ಅವಳು ಒರಗಿ ಕೂತಿದ್ದ ಕಪಾಟಿನಲ್ಲೇ ಅದು ಇತ್ತು. ಹೊಳಿ ಬಂದಾಗ ಹೋತವ್ವಾ ಎಂದೆ — ಆ ವರ್ಷ ಕೃಷ್ಣೆ ಎಷ್ಟೋ ಊರುಗಳಿಗೆ ನುಗ್ಗಿದ್ದಳು, ಯಾರು ತಾಳೆ ನೋಡುತ್ತಾರೆ, ನಮ್ಮ ಓಣಿಗೆ ನೀರು ಬಂದಿರಲೇ ಇಲ್ಲ. ಅವಳು ಅತ್ತಳು, ಅತ್ತು ನನಗೇ ಸಮಾಧಾನ ಹೇಳಿದಳು, ನಿಮಗ ಎಷ್ಟ ಸಂಕಟ ಆಗಿರಬೇಕ್ರಿ ಸರ್. ಅದೊಂದನ್ನು ಇವತ್ತಿಗೂ ಕ್ಷಮಿಸಲಾರೆ. ನೋಟುಬುಕ್ಕಿಲ್ಲದೆ ಏನು ಬರೆದಾಳು ಎಂದುಕೊಂಡಿದ್ದೆ, ಅವಳು ವಖಾರಿಯ ಹಳೆಯ ಹೆಂಗಸರ ಮನೆ ಮನೆ ಹೊಕ್ಕು ಬರೆದಳು, ಪುಸ್ತಕ ಕೈಗೆ ಬಂದ ದಿನ ಊಟಕ್ಕೂ ಏಳದೆ ಓದಿದೆ, ಒಂಬತ್ತನೆಯ ಅಧ್ಯಾಯದಲ್ಲಿ ಕಣ್ಣು ತುಂಬಿತು, ಒರೆಸಿಕೊಂಡು ಪೆನ್ಸಿಲ್ ಚೂಪು ಮಾಡಿದೆ. ನನ್ನ ವಿಮರ್ಶೆ ಪಟ್ಟಿ ಮಾಡಿದ್ದು ಹದಿನಾಲ್ಕು ತಪ್ಪುಗಳು. ಹದಿನಾಲ್ಕನೆಯದನ್ನು ಬರೆಯುವಾಗ ಎಂಥ ಸುಖ — ತಾರಾಬಾಯಿ ಕೊನೆಯ ಕವಿತೆ ಬರೆದದ್ದು ಲೇಖಕಿ ಹೇಳುವಂತೆ ಆಸ್ಪತ್ರೆಯಲ್ಲಲ್ಲ, ಕೊಗನೊಳ್ಳಿಯ ಬಸ್ ನಿಲ್ದಾಣದಲ್ಲಿ, ಒಂದು ಗುರುವಾರ, ನಿಪ್ಪಾಣಿಯ ಬಸ್ಸು ಕಾಯುತ್ತ. ಆ ವಾಕ್ಯವನ್ನು ಸಂಪಾದಕರಿಗೆ ಫೋನಿನಲ್ಲೂ ಓದಿ ಹೇಳಿದ್ದೆ.

ಜಿನ್ನಪ್ಪ ಸರ್, ದಯಮಾಡಿ ಬರ್ರಿ — ನನ್ನ ಹೆಸರು, ಎಲ್ಲರಿಗಿಂತ ಕೊನೆಗೆ, ಮೆಟ್ಟಿಲು ಹತ್ತುತ್ತೇನೆ, ಅವಳು ಕಾಲಿಗೆ ಬಾಗುತ್ತಾಳೆ, ಉಳಿದವರು ಮೆಚ್ಚಿದರು, ನನ್ನ ಗುರುಗಳು ತಿದ್ದಿದರು ಎನ್ನುತ್ತಾಳೆ, ಚಪ್ಪಾಳೆ, ಈ ಚಪ್ಪಾಳೆ ನನಗೋ ಅವಳಿಗೋ, ಹದಿಮೂರು ತಪ್ಪು ಎರಡನೇ ಮುದ್ರಣದಾಗ ತಿದ್ದೇನ್ರಿ ಸರ್ ಎನ್ನುತ್ತಾಳೆ, ಆಮೇಲೆ ಮೈಕನ್ನು ಬದಿಗೆ ಸರಿಸಿದಳು. ಹದಿನಾಲ್ಕನೇದಕ್ಕ ಆಧಾರ ಸಿಗಲಿಲ್ರಿ. ಕೊಗನೊಳ್ಳಿ, ಗುರುವಾರ — ಅದನ್ನ ನೀವು ಎಲ್ಲಿ ಓದಿದ್ರಿ ಸರ್? ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಉತ್ತರ ಕೊಡಬಹುದಿತ್ತು, ಯಾರೋ ಹೇಳಿದ್ದರು ಎನ್ನಲೇ, ಯಾರು, ಸತ್ತ ಒಬ್ಬರ ಹೆಸರು ಹೇಳಲೇ — ಅಷ್ಟರಲ್ಲಿ ಮೊದಲ ಸಾಲಿನಿಂದ ಶೇವಂತಾ ಎದ್ದಳು, ಎಪ್ಪತ್ತರ ಹತ್ತಿರದ ಮೈಯನ್ನು ಒಂದೊಂದೇ ಮೆಟ್ಟಿಲು ಎತ್ತಿಕೊಂಡು ಬಂದಳು, ಮೈಕಿಲ್ಲದೆಯೂ ಎಲ್ಲರಿಗೂ ಕೇಳಿತು, ಅಂದ್ರ ಆಯಿ ನೋಟಬುಕ್ ಹೊಳಿಗಿ ಹೋಗಿಲ್ಲೇನ್ರಿ ಸರ್? ಇಲ್ಲವ್ವಾ, ನನ್ನ ಕಡೇನ ಐತಿ. ನಾನೇ ಹೇಳಿದ್ದು, ನನ್ನದೇ ಬಾಯಿ. ಕೋಮಲ ತಲೆ ತಗ್ಗಿಸಿದಳು, ನನ್ನ ಪರವಾಗಿ ಅವಳೇ ನಾಚಿದ ಹಾಗೆ, ಹಿಂದಿನ ಸಾಲುಗಳಲ್ಲಿ ಗುಸುಗುಸು, ಶೇವಂತಾ ಬಯ್ಯುತ್ತಾಳೆಂದು ಕಾದೆ, ಬಯ್ದುಬಿಡಲಿ — ಅವಳು ನನ್ನ ತೋಳಿನ ಮೇಲೆ ಬೆರಳಿಟ್ಟಳು, ಅವಳೂ ಅದೇ ವಖಾರಿಯಲ್ಲಿ ದುಡಿದವಳು, ಉಗುರು ಹಳದಿ, ಅದರಾಗ ನನ್ನ ಹೆಸರ ಐತೇನ್ರಿ? ತೊಂಬತ್ತಾರು ಪುಟ, ಯಾವ ಪುಟದಲ್ಲಿ ಶಾಯಿ ಬದಲಾಯಿತು ಗೊತ್ತು, ಯಾವ ಸಾಲನ್ನು ತಾರಾಬಾಯಿ ಮೂರು ಸಲ ಹೊಡೆದು ಬರೆದಳು ಗೊತ್ತು, ಆದರೆ ನಡುವೆ ಮನೆಯ ಮಾತು ಬಂದ ಪುಟಗಳು, ಜ್ವರ, ಹಾಲು, ಮಗುವಿನ ಅಂಗಿ, ಸಾಹಿತ್ಯವಲ್ಲವೆಂದು ಮಗುಚಿ ಹಾಕಿದ ಪುಟಗಳು — ಇತ್ತೇ, ಎಲ್ಲಿತ್ತು, ಹದಿನೈದು ವರ್ಷದಲ್ಲಿ ಒಮ್ಮೆಯಾದರೂ ಹುಡುಕಿದ್ದೆನೇ, ಅವಳು ಕಾಯುತ್ತಿದ್ದಾಳೆ, ಎಲ್ಲರೂ ಕಾಯುತ್ತಿದ್ದಾರೆ, ಬೆರಳು ತೋಳಿನ ಮೇಲೆ ಹಾಗೇ ಇದೆ, ಒತ್ತುತ್ತಿಲ್ಲ, ತೆಗೆಯುತ್ತಲೂ ಇಲ್ಲ, ಹಳದಿ ಉಗುರಿನ ಆ ಬೆರಳು —