ಆಕ್ಷೇಪ ಬರಲಿಲ್ಲ

ನನ್ನನ್ನು ಹೊಂಗೆ ಯುವ ಬಳಗದ ಅಧ್ಯಕ್ಷೆಯನ್ನಾಗಿ ಮಾಡಿದ ಸಂಜೆ ಯಾರೂ ಕೈ ಎತ್ತಲಿಲ್ಲ. ಕೈ ಎತ್ತುವ ಪದ್ಧತಿ ನಮ್ಮಲ್ಲಿ ಇರಲೇ ಇಲ್ಲ. ಹುಣಸಮಾರನಹಳ್ಳಿಯ ಹಾಲಿನ ಡೈರಿಯ ಜಗಲಿಯಲ್ಲಿ, ಸಂಜೆಯ ಹಾಲು ಅಳೆದು ಕ್ಯಾನುಗಳು ಹೋದ ಮೇಲೆ, ನಾವು ಹನ್ನೆರಡು ಜನ ಕೂರುತ್ತಿದ್ದೆವು. ಅಧ್ಯಕ್ಷನಾಗಿದ್ದ ಮಹೇಂದ್ರ ವಿಷಯ ಓದಿ, ಮೇಜಿನ ಮೇಲೆ ಬೆರಳಿನಿಂದ ಐದು ಸಲ ತಟ್ಟುತ್ತಿದ್ದ. ಅಷ್ಟರೊಳಗೆ ಯಾರೂ ಬಾಯಿ ಬಿಡದಿದ್ದರೆ ಅದು ನಿರ್ಣಯ.

ಮೂರು ವರ್ಷದಿಂದ ನಾನು ಕಾರ್ಯದರ್ಶಿ. ನಡಾವಳಿ ಪುಸ್ತಕದಲ್ಲಿ ನನಗಿಂತ ಹಿಂದಿನವರು ‘ಎಲ್ಲರೂ ಒಪ್ಪಿದರು’ ಎಂದು ಬರೆಯುತ್ತಿದ್ದರು. ಅದು ಸುಳ್ಳೆನಿಸಿ ನಾನು ‘ಆಕ್ಷೇಪ ಬರಲಿಲ್ಲ’ ಎಂದು ಬದಲಿಸಿದ್ದೆ. ಒಪ್ಪುವುದಕ್ಕೂ ಸುಮ್ಮನಿರುವುದಕ್ಕೂ ನಡುವಿನ ವ್ಯತ್ಯಾಸ ನನಗೊಬ್ಬಳಿಗೇ ಕಂಡಿದೆ ಎಂಬ ಸಣ್ಣ ಹೆಮ್ಮೆ. ಎಂ.ಎ. ಮುಗಿಸಿ, ಕೆಲಸ ಸಿಗದೆ ಮನೆಯಲ್ಲಿದ್ದವಳಿಗೆ ಅಷ್ಟು ಹೆಮ್ಮೆಯೂ ಬೇಕಿತ್ತು.

“ನಂಗೆ ಮಾತಾಡೋಕೆ ಬರಲ್ಲ ಮಹೇಂದ್ರ. ಬೇರೆ ಯಾರನ್ನಾದ್ರೂ ಮಾಡು” ಎಂದಿದ್ದೆ.

“ಅದಕ್ಕೇ ಕಣೇ ಶಾಂತಲಾ ನೀನು ಬೇಕಾಗಿರೋದು. ಮಾತಾಡೋರು ಊರ ತುಂಬ ಇದಾರೆ.”

ಅಂದು ನಮ್ಮ ಬಳಗದ ಅಜ್ಜು ಎಲ್ಲಿಂದಲೋ ಮೈಸೂರು ಪೇಟ ತಂದಿದ್ದ. ನನ್ನ ತಲೆಗಿಟ್ಟರೆ ಅದು ಮೂಗಿನವರೆಗೂ ಇಳಿಯಿತು. “ತಲೆ ಸೈಜ್ ಸಾಲ್ದು ಗುರು, ಮುಂದಿನ ವರ್ಷಕ್ಕೆ ಬೆಳೆಸ್ಕೊಂಡ್ ಬಾ” ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಹೇಂದ್ರ ಪುಸ್ತಕವನ್ನು ತನ್ನ ಕಡೆಗೆ ಎಳೆದುಕೊಂಡ. “ಇವತ್ತು ನಾನು ಬರೀತೀನಿ. ಅಧ್ಯಕ್ಷರು ಪೆನ್ನು ಮುಟ್ಟೋದು ಸಹಿಗೆ ಮಾತ್ರ.” ಆಮೇಲೂ ಅವನು ಏನೋ ಓದಿದ. ನಾನು ಪೇಟವನ್ನು ಹಣೆಯ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದೆ. ಬೆರಳು ತಟ್ಟಿದ್ದು ಕೇಳಿಸಿತು. ಕೊನೆಗೆ ಅವನು ತೋರಿಸಿದಲ್ಲಿ ಸಹಿ ಮಾಡಿದೆ.

ನಮ್ಮ ಬಳಗ ಮಾಡಿದ ದೊಡ್ಡ ಕೆಲಸವೆಂದರೆ ಊರ ಹಿಂದಿನ ಕುಂಟೆ, ಹೂಳು ತುಂಬಿಹೋಗಿದ್ದ ಪುಟ್ಟ ಕೆರೆ. ಎರಡು ವರ್ಷದ ಭಾನುವಾರಗಳನ್ನು ಅದಕ್ಕೆ ಸುರಿದಿದ್ದೆವು. ಪ್ಲಾಸ್ಟಿಕ್ಕು, ಮುರಿದ ಕಮೋಡು, ಹಳೆಯ ಹಾಸಿಗೆಗಳು, ಅವುಗಳಡಿಯ ಕಪ್ಪು ಹೂಳು. ಹೋದ ಮಳೆಗಾಲದಲ್ಲಿ ನೀರು ನಿಂತಿತು. ಹಸು ಸಾಕಿಕೊಂಡಿರುವ ರತ್ನಕ್ಕ ಈಗ ದಿನಾ ಅಲ್ಲಿಗೇ ಅವುಗಳನ್ನು ಹೊಡೆದುಕೊಂಡು ಬರುತ್ತಾಳೆ. “ನಮ್ಮತ್ತೆ ಕಾಲದಾಗೆ ಹಿಂಗೇ ತುಂಬಿತ್ತು ಕಣವ್ವ” ಎಂದು ಒಮ್ಮೆ ಹೇಳಿ, ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಿದ್ದಳು. ನಾನೂ ಪಕ್ಕದಲ್ಲಿ ನಿಂತಿದ್ದೆ.

ಅಧ್ಯಕ್ಷೆಯಾದ ಮೂರನೆಯ ವಾರ, ಕುಂಟೆಯ ಏರಿಯ ಮೇಲೆ ಹೊಂಗೆ ಸಸಿ ನೆಡಲು ಅನುಮತಿ ಕೇಳಲು ತಾಲ್ಲೂಕು ಕಚೇರಿಗೆ ಹೋದೆ. ಗುಮಾಸ್ತ ಆನಂದಪ್ಪ ಅರ್ಜಿಯನ್ನು ಎರಡು ಸಲ ಓದಿದರು.

“ಮುಚ್ಚೋ ಕುಂಟೆಗೆ ಸಸಿ ಯಾಕಮ್ಮ?”

ಫೈಲು ತೆಗೆದು ನನ್ನ ಕಡೆ ತಿರುಗಿಸಿದರು. ಬಳಗದ ಲೆಟರ್‌ಹೆಡ್ಡಿನ ಪತ್ರ. ಕುಂಟೆಯಲ್ಲಿ ನೀರು ನಿಲ್ಲುವುದಿಲ್ಲ, ಅದು ಬಳಕೆಯಲ್ಲೂ ಇಲ್ಲ, ಮುಚ್ಚಿ ಲಕ್ಕಣ್ಣನವರ ಹೊಸ ಲೇಔಟಿಗೆ ರಸ್ತೆ ಬಿಡಲು ಬಳಗದ ಅಭ್ಯಂತರವಿಲ್ಲ ಎಂದಿತ್ತು. ಲಕ್ಕಣ್ಣ ಎಂದರೆ ಮಹೇಂದ್ರನ ಅಪ್ಪ. ಪತ್ರದ ಹಿಂದೆ ನಡಾವಳಿ ಪುಸ್ತಕದ ಹಾಳೆಯ ಜೆರಾಕ್ಸ್. ನಾಲ್ಕನೆಯ ವಿಷಯ, ಕುಂಟೆ. ಎದುರಿಗೆ ಮಹೇಂದ್ರನ ದುಂಡು ಅಕ್ಷರದಲ್ಲಿ ನನ್ನ ಎರಡು ಪದಗಳು: ಆಕ್ಷೇಪ ಬರಲಿಲ್ಲ. ಕೆಳಗೆ ನನ್ನ ಸಹಿ.

“ಸೋಮವಾರ ಹನ್ನೊಂದಕ್ಕೆ ತಹಶೀಲ್ದಾರ್ ಸಾಹೇಬರು ವಿಚಾರಣೆ ಇಟ್ಕೊಂಡಿದಾರೆ” ಎಂದರು ಆನಂದಪ್ಪ. “ಇದು ತಪ್ಪು ಅಂದ್ರೆ ನಿಮ್ಮೋರ್ನ ಕರ್ಕೊಂಬನ್ನಿ. ಬಾಯಲ್ಲಿ ಹೇಳ್ಲಿ. ಅದಾದ್ಮೇಲೆ ಮಣ್ಣು ಬೀಳುತ್ತೆ.”

ಮಹೇಂದ್ರ ಮನೆಯ ಮುಂದೆ ಕಾರು ತೊಳೆಯುತ್ತಿದ್ದ.

“ಏನ್ ಸಮಾಚಾರ, ಅಧ್ಯಕ್ಷರು ಬಿಸಿಲಲ್ಲಿ ಬಂದಿದೀರ?”

“ನಾಲ್ಕನೇ ವಿಷಯ ಓದಿದ್ಯಾ ನೀನು?”

“ಓದ್ದೆ. ಐದು ಸಲ ತಟ್ಟಿದೆ. ಬೇಕಾದ್ರೆ ಅಜ್ಜುನ ಕೇಳು.” ಪೈಪು ನಿಲ್ಲಿಸಲಿಲ್ಲ.

“ನೀನೇ ಅಧ್ಯಕ್ಷನಾಗಿದ್ದು ಸಹಿ ಹಾಕ್ಬೋದಿತ್ತು.”

“ಅಪ್ಪನ ಲೇಔಟಿಗೆ ಮಗನೇ ಸಹಿ ಹಾಕಿದ್ರೆ ಯಾರ್ ಒಪ್ತಾರೆ?” ಲೆಕ್ಕ ಬಾರದ ಹುಡುಗಿಗೆ ಹೇಳಿಕೊಡುವಂತಿತ್ತು ಅವನ ದನಿ. “ಬೇಜಾರ್ ಮಾಡ್ಕೋಬೇಡ. ರಸ್ತೆಗೆ ನಮ್ಮ ಬಳಗದ ಹೆಸರೇ ಇಡೋಣ ಅಂತ ಅಪ್ಪಂಗೆ ಹೇಳಿದೀನಿ.”

ತಮಾಷೆಗೆ ಹೇಳಿದ್ದಲ್ಲ ಅದು. ಹೂಳೆತ್ತುವಾಗ ಮೊದಲು ಕೆಸರಿಗೆ ಇಳಿದವನು ಅವನೇ. ನನ್ನ ಕಾಲು ಹೂತುಕೊಂಡಾಗ ರಟ್ಟೆ ಹಿಡಿದು ಎಳೆದವನೂ ಅವನೇ. ಅದೆಲ್ಲ ನಾಟಕವೆಂದು ತಿಳಿದಿದ್ದರೆ ಸುಲಭವಾಗುತ್ತಿತ್ತು. ನಾಟಕವಾಗಿರಲಿಲ್ಲ. ಆಗ ಅವನಿಗೆ ಕುಂಟೆ ಬೇಕಿತ್ತು, ಈಗ ರಸ್ತೆ ಬೇಕಿತ್ತು, ಎರಡಕ್ಕೂ ನಾನು ಒದಗಿದ್ದೆ.

ಅಜ್ಜು ಮುಚ್ಚಿಡಲಿಲ್ಲ. “ಓದಿದ್ದು ಕೇಳಿಸ್ತು. ನಿಮ್ಮಿಬ್ರಿಗೂ ಮೊದ್ಲೇ ಮಾತಾಗಿರುತ್ತೆ ಅನ್ಕೊಂಡೆ. ಎಲ್ರೂ ಹಂಗೇ ಅನ್ಕೊಂಡ್ವಿ.”

“ಎರಡು ವರ್ಷ ಹೂಳು ಹೊತ್ತಿದೀಯ. ಕೇಳ್ಬೇಕು ಅನ್ನಿಸ್ಲಿಲ್ವಾ?”

“ನೀನೇ ಸುಮ್ನೆ ಕೂತಿದ್ಯಲ್ಲ, ಮಗಾ.”

ಭಾನುವಾರ ಸಂಜೆ ಸಭೆ ಕರೆದೆ. ಮಹೇಂದ್ರನೊಬ್ಬನನ್ನು ಬಿಟ್ಟು ಎಲ್ಲರೂ ಬಂದರು. ನಾನು ಮೇಜು ತಟ್ಟಲಿಲ್ಲ. ಒಬ್ಬೊಬ್ಬರ ಹೆಸರು ಹಿಡಿದು, ನಾಳೆ ಕಚೇರಿಗೆ ಬರುತ್ತೀಯಾ ಎಂದು ಕೇಳಿದೆ. ಫಖ್ರುನ್ನೀಸಾ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದವಳು ತಲೆ ಎತ್ತಲಿಲ್ಲ. ಅವಳ ಮನೆಯವರು ಇರುವುದು ಲಕ್ಕಣ್ಣನ ಬಾಡಿಗೆ ಮನೆಯಲ್ಲಿ. ಅಜ್ಜುವಿನ ಅಣ್ಣ ಓಡಿಸುವುದು ಲಕ್ಕಣ್ಣನ ಜೆಸಿಬಿ. ವಾಸುವಿನ ಅಕ್ಕನ ಮದುವೆಗೆ ಛತ್ರ ಕೊಡಿಸಿದ್ದು ಲಕ್ಕಣ್ಣ. “ನೋಡೋಣ” ಎಂದ ವಾಸು. ಉಳಿದವರು ಅಷ್ಟೂ ಹೇಳಲಿಲ್ಲ.

ಮೌನವೆಂದರೆ ಏನೋ ಆಳವಾದದ್ದು ಎಂದು ನಾನು ಎಷ್ಟೋ ವರ್ಷ ನಂಬಿಕೊಂಡಿದ್ದೆ. ಆ ಸಂಜೆಯ ಮೌನದೊಳಗೆ ಒಂದು ಬಾಡಿಗೆ ಮನೆ, ಒಂದು ಜೆಸಿಬಿ, ಒಂದು ಮದುವೆ ಛತ್ರ ಇದ್ದವು. ನನ್ನ ಮೌನದೊಳಗೆ ಏನಿತ್ತು? ಒಂದು ಪೇಟ.

ಅವರೆಲ್ಲ ಎದ್ದುಹೋದ ಮೇಲೆ, ಬೆಳಕು ಇರುವಾಗಲೇ ಕುಂಟೆಗೆ ಹೋಗಿ, ಚಪ್ಪಲಿ ಬಿಟ್ಟು ನೀರಿಗೆ ಇಳಿದೆ.

ಸೋಮವಾರ ಅಜ್ಜು ಬೈಕಿನಲ್ಲಿ ಕಚೇರಿಯವರೆಗೂ ಬಿಟ್ಟ. ಒಳಗೆ ಬರಲಿಲ್ಲ. ನಾನು ಕೇಳಲೂ ಇಲ್ಲ.

“ನಿಮ್ಮ ಬಳಗದವರು ಎಲ್ಲಿ?” ಎಂದರು ಸಾಹೇಬರು.

ಕಿಟಕಿಯಾಚೆ ಅಜ್ಜು ಬೈಕಿನ ಕನ್ನಡಿ ಒರೆಸುತ್ತಿದ್ದ. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದ.

“ಬಂದಿಲ್ಲ ಸರ್.”

“ಹಾಗಾದ್ರೆ ಇದು ಬಳಗದ ಮಾತಲ್ಲ, ನಿಮ್ಮೊಬ್ಬರ ಮಾತು ಅಂತ ಬರ್ಕೋಬೇಕಾಗುತ್ತೆ. ನಡಾವಳಿಯಲ್ಲಿರೋ ಸಹಿಯೂ ನಿಮ್ಮದೇ. ಯೋಚ್ನೆ ಮಾಡಿ.”

ಆನಂದಪ್ಪ ಹೊಸ ಹಾಳೆ ತೆಗೆದು, ಪೆನ್ನು ಹಿಡಿದು ಕಾದರು.

“ಬರ್ಕೊಳ್ಳಿ ಸರ್” ಎಂದೆ. “ನಿನ್ನೆ ಸಂಜೆ ನಾನೇ ಇಳಿದು ನೋಡಿದೀನಿ. ಕುಂಟೇಲಿ ನನ್ನ ಸೊಂಟದ ಮಟ್ಟ ನೀರಿದೆ.”